ಬಯೋರೆಮಿಡಿಯೇಶನ್: ಎಣ್ಣೆ ಕುಡಿದ ಮಣ್ಣಿಗೆ ಮದ್ದು

ವಿಜಯಪುರ ಜಿಲ್ಲೆಯ ಡೋಣಿ ನದಿಯ ಸಾಲಿನಲ್ಲಿ ನಮ್ಮ ಹೊಲ. ಬಾವಿ ಪಕ್ಕ ಹಳೆಯ ಡೀಸೆಲ್ ಎಂಜಿನ್ ಇದ್ದ ಜಾಗದಲ್ಲಿ ಇವತ್ತಿಗೂ ಕರಿಕೆ ಕೂಡ ಹುಟ್ಟುವುದಿಲ್ಲ. ನೀರು ಹಾಕಿದರೆ ಒಳಗೆ ಇಳಿಯದೆ ಹನಿ ಹನಿಯಾಗಿ ಉರುಳಿ ಹೋಗುತ್ತದೆ, ಹೆಂಟೆ ಒಡೆದು ಮೂಸಿದರೆ ಡೀಸೆಲ್ ವಾಸನೆ. ಇಂಥ ಮಣ್ಣಿನ ಎಣ್ಣೆಯನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ ಸ್ವಚ್ಛ ಮಾಡುವುದಕ್ಕೇ ಬಯೋರೆಮಿಡಿಯೇಶನ್ ಅನ್ನುತ್ತಾರೆ. ಬಯೋ ಅಂದ್ರೆ ಜೀವ, ರೆಮಿಡಿ ಅಂದ್ರೆ ಮದ್ದು. ಕನ್ನಡದಲ್ಲಿ 'ಜೈವಿಕ ಪರಿಹಾರ' ಅಂತ ಬರೆಯುವುದುಂಟು, ಆದರೆ ನಮ್ಮ ಕಡೆ ಪರಿಹಾರ ಅಂದ ಕೂಡಲೇ ಬೆಳೆ ಹಾನಿಯ ದುಡ್ಡು ನೆನಪಾಗುತ್ತದೆ, ಅದಕ್ಕೆ ನನಗೆ ಮದ್ದು ಅನ್ನೋದೇ ಸರಿ ಅನ್ನಿಸುತ್ತದೆ.

ಸುಡೊಮೊನಾಸ್, ರೋಡೊಕಾಕಸ್‌ನಂಥ ಬ್ಯಾಕ್ಟೀರಿಯಾಗಳಿಗೆ ಎಣ್ಣೆಯೇ ಊಟ. ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡಿಬಿಡುತ್ತವೆ. ಇಂಥವು ಸಾಮಾನ್ಯವಾಗಿ ಮಣ್ಣಿನಲ್ಲಿ ಮೊದಲೇ ಇರುತ್ತವೆ.

ಹಾಗಾದ್ರೆ ಇಷ್ಟು ವರ್ಷ ಯಾಕೆ ತಿನ್ನಲಿಲ್ಲ? ಎಣ್ಣೆಯಲ್ಲಿ ಇರುವುದು ಬಹುತೇಕ ಇಂಗಾಲ ಮತ್ತು ಹೈಡ್ರೋಜನ್. ಪಲ್ಯ ಇಲ್ಲದೆ ಬರೀ ರೊಟ್ಟಿ ಬಡಿಸಿದ ಹಾಗೆ. 100 ಪಾಲು ಇಂಗಾಲಕ್ಕೆ ಸುಮಾರು 10 ಪಾಲು ಸಾರಜನಕ, 1 ಪಾಲು ರಂಜಕ ಬೇಕು ಅನ್ನೋದು ಈ ಕೆಲಸದವರ ಲೆಕ್ಕ. ಜೊತೆಗೆ ಗಾಳಿ ಬೇಕು. ನಮ್ಮ ಎರೆ ಮಣ್ಣು ಜಿಗುಟು, ಹಸಿ ಆದರೆ ಗಾಳಿ ಆಡುವುದಿಲ್ಲ. ಅದಕ್ಕೆ ಆಗಾಗ ಮಗುಚಬೇಕು, ಗೊಬ್ಬರ ಕೂಡಿಸಬೇಕು, ಹದವಾಗಿ ನೀರು ಚಿಮುಕಿಸಬೇಕು. ನೀರು ನಿಂತರೆ ಕೆಲಸ ನಿಂತಿತು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ದಡಕ್ಕೆ ಮೆತ್ತಿಕೊಂಡಾಗಲೂ ಮುಖ್ಯವಾಗಿ ಸಿಂಪಡಿಸಿದ್ದು ಗೊಬ್ಬರವನ್ನೇ, ಅಲ್ಲೇ ಇದ್ದ ಬ್ಯಾಕ್ಟೀರಿಯಾಗಳು ಬೆಳೆಯಲಿ ಅಂತ.

ಇದ್ದವು ಸಾಲದಿದ್ದರೆ ಹೊರಗಿನಿಂದ ತಂದು ಬೆರೆಸುತ್ತಾರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ದೆಹಲಿಯ ಟೆರಿ ಅನ್ನೋ ಸಂಶೋಧನಾ ಸಂಸ್ಥೆಯ 'ಆಯಿಲ್‌ಜ್ಯಾಪರ್' ಅಂಥದ್ದು. ಹಲವು ಬ್ಯಾಕ್ಟೀರಿಯಾಗಳನ್ನು ಕೂಡಿಸಿ, ಕಾಳು ಬಿಡಿಸಿದ ಗೋವಿನಜೋಳದ ತೆನೆಯ ಪುಡಿಯಲ್ಲಿ ಬೆರೆಸಿರುತ್ತಾರೆ. ನಾವು ಒಲೆಗೆ ಹಾಕುವ ವಸ್ತು ಅದು, ಅಲ್ವಾ!

ಡೀಸೆಲ್ ಸ್ವಲ್ಪ ಬೇಗ ಕರಗುತ್ತದೆ, ಅಂದರೂ ತಿಂಗಳುಗಟ್ಟಲೆ ಹಿಡಿಯಬಹುದು. ಡಾಂಬರಿನಂಥ ಗಟ್ಟಿ ಎಣ್ಣೆ ತುಂಬಾ ನಿಧಾನ. ಎಂಜಿನ್ನಿನಿಂದ ತೆಗೆದ ಹಳೇ ಆಯಿಲ್‌ನಲ್ಲಿ ಸೀಸ, ಸತುವಿನಂಥ ಲೋಹಗಳೂ ಇರಬಹುದು, ಅವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಹಾಗಾಗಿ ನಮ್ಮ ಬಾವಿ ಪಕ್ಕದಲ್ಲಿ ಕರಿಕೆ ಚಿಗುರಿದರೂ, ಮಣ್ಣು ಪರೀಕ್ಷೆ ಮಾಡಿಸುವವರೆಗೆ ಅಲ್ಲಿ ಮೆಂತ್ಯ ಸೊಪ್ಪು ಹಾಕುವುದಿಲ್ಲ.