ಮೊಲ ಮುಟ್ಟಿದ ವಸ್ತುಗಳು: 'ಹೂ ಫ್ರೇಮ್ಡ್ ರೋಜರ್ ರ್ಯಾಬಿಟ್' ಚಿತ್ರದ ಅಧ್ಯಯನ ಟಿಪ್ಪಣಿ

1988ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ 'ಹೂ ಫ್ರೇಮ್ಡ್ ರೋಜರ್ ರ್ಯಾಬಿಟ್' ಚಿತ್ರವನ್ನು ಅನಿಮೇಷನ್ ಕಲಿಯುವವರು ಸಾಮಾನ್ಯವಾಗಿ ಅದರ ಮೊಲಕ್ಕಾಗಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಗಮನಿಸಬೇಕಾದದ್ದು ಮೊಲದ ಸುತ್ತಲಿರುವ ವಸ್ತುಗಳನ್ನು: ಅದು ನುಗ್ಗಿ ಹೋದಾಗ ಅದರದೇ ಆಕಾರದಲ್ಲಿ ತೂತು ಬೀಳುವ ಕಿಟಕಿಯ ಪರದೆ, ಅದು ಉಗುಳಿದಾಗ ಚಿಮ್ಮುವ ನೀರು, ಅದು ಎಳೆದಾಗ ಬಿಗಿಯಾಗುವ ಕೈಕೋಳ. ತೆರೆಯ ಮೇಲಿನ ರೇಖಾಚಿತ್ರಕ್ಕೆ ತೂಕವಿದೆಯೆಂದು ಪ್ರೇಕ್ಷಕ ಒಪ್ಪುವುದು ಇಂತಹ ಸಾಕ್ಷ್ಯಗಳಿಂದ, ಮತ್ತು ಆ ಸಾಕ್ಷ್ಯಗಳೆಲ್ಲವೂ ಮೊಲದ ಒಂದು ಗೆರೆಯನ್ನೂ ಎಳೆಯುವ ಮೊದಲೇ ಸೆಟ್ಟಿನಲ್ಲಿ ಸಿದ್ಧವಾಗಿದ್ದವು.

ಕಥೆಯನ್ನು ಚುಟುಕಾಗಿ ಹೇಳಬಹುದು. 1947ರ ಲಾಸ್ ಏಂಜಲೀಸ್‌ನಲ್ಲಿ ಮನುಷ್ಯರೂ ಕಾರ್ಟೂನ್ ನಟರೂ ಒಂದೇ ಊರಿನಲ್ಲಿ ಬದುಕುತ್ತಿದ್ದಾರೆ. ಕೊಲೆ ಆರೋಪ ಹೊತ್ತ ರೋಜರ್ ಎಂಬ ಮೊಲವನ್ನು, ಕಾರ್ಟೂನ್‌ಗಳೆಂದರೆ ಆಗದ ಎಡ್ಡೀ ವ್ಯಾಲಿಯಂಟ್ ಎಂಬ ಕುಡುಕ ಪತ್ತೇದಾರ ಒಲ್ಲದ ಮನಸ್ಸಿನಿಂದ ಕಾಪಾಡಬೇಕಾಗುತ್ತದೆ. ಗ್ಯಾರಿ ಕೆ. ವುಲ್ಫ್ ಅವರ 1981ರ ಕಾದಂಬರಿ ಇದಕ್ಕೆ ಆಧಾರ. ನಿರ್ದೇಶಕರು ರಾಬರ್ಟ್ ಜೆಮೆಕಿಸ್, ಅನಿಮೇಷನ್ ನಿರ್ದೇಶಕರು ರಿಚರ್ಡ್ ವಿಲಿಯಮ್ಸ್, ಎಡ್ಡೀ ಪಾತ್ರದಲ್ಲಿ ಬಾಬ್ ಹಾಸ್ಕಿನ್ಸ್.

ಮನುಷ್ಯರನ್ನೂ ಕಾರ್ಟೂನನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸುವುದು ಆಗಿನ ಹೊಸ ಯೋಚನೆಯೇನಲ್ಲ. 1910ರ ದಶಕದ ಕೊನೆಯಲ್ಲಿಯೇ ಮ್ಯಾಕ್ಸ್ ಫ್ಲೈಷರ್ ಅವರ ಕೋಡಂಗಿ ಮಸಿಬುಡ್ಡಿಯಿಂದ ಹೊರಬಂದು ಚಿತ್ರಕಾರನಿಗೆ ಕೀಟಲೆ ಕೊಡುತ್ತಿದ್ದ. 1923ರಲ್ಲಿ ವಾಲ್ಟ್ ಡಿಸ್ನಿ ನಿಜವಾದ ಒಬ್ಬ ಹುಡುಗಿಯನ್ನು ಚಿತ್ರಿಸಿದ ಲೋಕದೊಳಕ್ಕೆ ಕಳುಹಿಸಿದರು. 1945ರ 'ಆಂಕರ್ಸ್ ಅವೇ' ಚಿತ್ರದಲ್ಲಿ ಜೀನ್ ಕೆಲ್ಲಿ ಜೆರ್ರಿ ಇಲಿಯ ಜೊತೆ ಕುಣಿದರು. 1964ರ 'ಮೇರಿ ಪಾಪಿನ್ಸ್' ಸೋಡಿಯಂ ದೀಪದ ಹಳದಿ ಬೆಳಕಿನ ಪರದೆಯನ್ನು ಬಳಸಿ ನಟರ ಅಂಚುಗಳನ್ನು ಅಚ್ಚರಿ ಹುಟ್ಟಿಸುವಷ್ಟು ಚೊಕ್ಕವಾಗಿ ಬೇರ್ಪಡಿಸಿತು. ಈ ಪರಂಪರೆಯಲ್ಲಿ ಬಹುಮಟ್ಟಿಗೆ ಪಾಲನೆಯಾಗುತ್ತಿದ್ದ ಒಂದು ಎಚ್ಚರಿಕೆಯಿತ್ತು. ಕ್ಯಾಮೆರಾ ಅಲುಗಿದರೆ ಪ್ರತಿ ಫ್ರೇಮಿನಲ್ಲೂ ಹಿನ್ನೆಲೆಯ ದೃಷ್ಟಿಕೋನ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಪಾತ್ರವನ್ನು ಪ್ರತಿ ಬಾರಿಯೂ ಬೇರೆ ಕೋನದಿಂದ ಬರೆಯಬೇಕಾಗುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಕದಲದಂತೆ ಬಿಗಿಯಬೇಕು ಎಂಬುದೇ ಆ ಎಚ್ಚರಿಕೆ. ವಿಲಿಯಮ್ಸ್ ಮತ್ತು ಜೆಮೆಕಿಸ್ ಇದನ್ನು ತಲೆಕೆಳಗು ಮಾಡಿದರು. ಕ್ಯಾಮೆರಾ ಸಾಧಾರಣ ಚಿತ್ರದಲ್ಲಿ ಚಲಿಸುವಂತೆಯೇ ಚಲಿಸಬೇಕು, ಕಾರ್ಟೂನ್‌ಗಳು ವಸ್ತುಗಳನ್ನೂ ಮನುಷ್ಯರನ್ನೂ ಎಡೆಬಿಡದೆ ಮುಟ್ಟುತ್ತಿರಬೇಕು, ನೆರಳು ಬೆಳಕಿನ ಆಟವನ್ನು ಸಾಧ್ಯವಾದಷ್ಟು ದೂರ ಒಯ್ಯಬೇಕು ಎಂದು ತೀರ್ಮಾನಿಸಿದರು. ಒಟ್ಟಿನಲ್ಲಿ, ಹಿಂದಿನವರು ಶ್ರಮವೆಂದು ತಪ್ಪಿಸಿಕೊಂಡಿದ್ದನ್ನೆಲ್ಲ ಇವರು ಹುಡುಕಿಕೊಂಡು ಹೋದರು.

ಚಿತ್ರೀಕರಣದ ದೊಡ್ಡ ಭಾಗ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ನಡೆಯಿತು. ಪ್ರತಿ ಪಾತ್ರದ ಅಳತೆಗೆ ಸರಿಯಾದ ರಬ್ಬರ್ ಗೊಂಬೆಗಳಿದ್ದವು. ಗೊಂಬೆಯನ್ನಿಟ್ಟು ಅಭ್ಯಾಸ ಮಾಡಿ, ನಟರ ಕಣ್ಣು ಯಾವ ಎತ್ತರಕ್ಕೆ ನೋಡಬೇಕು, ಕ್ಯಾಮೆರಾ ಎಷ್ಟು ಜಾಗ ಬಿಡಬೇಕು, ಬೆಳಕು ಎಲ್ಲಿ ಬೀಳಬೇಕು ಎಂಬುದನ್ನು ನಿಶ್ಚಯಿಸಿದ ಮೇಲೆ ಗೊಂಬೆಯನ್ನು ತೆಗೆದು ಖಾಲಿ ಜಾಗವನ್ನು ಚಿತ್ರಿಸುತ್ತಿದ್ದರು. ರೋಜರ್‌ಗೆ ದನಿ ಕೊಟ್ಟ ಚಾರ್ಲ್ಸ್ ಫ್ಲೈಷರ್ ಮೊಲದ ವೇಷ ತೊಟ್ಟು ಕ್ಯಾಮೆರಾದ ಹೊರಗೆ ನಿಂತು ಸಂಭಾಷಣೆ ಒಪ್ಪಿಸುತ್ತಿದ್ದರು. ವೇಷ ಪ್ರೇಕ್ಷಕನಿಗೆ ಕಾಣುವುದಿಲ್ಲ, ಆದರೆ ಎದುರಿಗಿರುವ ನಟನಿಗೆ ಕಾಣುತ್ತದೆ. ಇಲ್ಲದ ಜೀವಿಯನ್ನು ನೋಡುವುದು ಹೇಗೆಂದು ಕಲಿಯಲು ಹಾಸ್ಕಿನ್ಸ್ ತಮ್ಮ ಪುಟ್ಟ ಮಗಳು ಕಲ್ಪನೆಯ ಗೆಳೆಯರೊಂದಿಗೆ ಆಡುವುದನ್ನು ಗಮನಿಸುತ್ತಿದ್ದರಂತೆ. ಅವರ ಅಭಿನಯದ ಹಿರಿಮೆ ಇರುವುದು ನೋಟದ ನಿಖರತೆಯಲ್ಲಿ: ದೃಷ್ಟಿ ರೋಜರ್ ಇರಬೇಕಾದ ದೂರದಲ್ಲಿಯೇ ನೆಡುತ್ತದೆ, ಅವನನ್ನು ಹಾದು ಹಿಂದಿನ ಗೋಡೆಗೆ ಹೋಗುವುದಿಲ್ಲ. ಹಸಿರು ಪರದೆಯ ಮುಂದೆ ಇಂದು ಅಭಿನಯಿಸುವ ಅನೇಕರಲ್ಲಿ ಈ ಗುಣ ಕಾಣಸಿಗುವುದಿಲ್ಲ.

ಕಾರ್ಟೂನ್ ಹಿಡಿದ ವಸ್ತುಗಳು ಬಹುಪಾಲು ನಿಜವಾದವು. ರಾತ್ರಿಕ್ಲಬ್ಬಿನ ದೃಶ್ಯದಲ್ಲಿ ಪೆಂಗ್ವಿನ್ ಮಾಣಿಗಳು ಹೊತ್ತು ತರುವ ತಟ್ಟೆಗಳನ್ನು ಸೆಟ್ಟಿನ ನೆಲದ ಕೆಳಗಿನಿಂದ ಕೋಲುಗಳ ಮೂಲಕ ಓಡಾಡಿಸಿದ್ದರು, ನಂತರ ಆ ಕೋಲುಗಳ ಜಾಗದಲ್ಲಿ ಪೆಂಗ್ವಿನ್‌ಗಳನ್ನು ಬರೆದರು. ಕಾರ್ಟೂನ್ ಕೂಸು ಬೇಬಿ ಹರ್ಮನ್‌ನ ಚುಟ್ಟಾ ಯಂತ್ರದ ಕೈಯ ತುದಿಯಲ್ಲಿ ಅಲುಗುತ್ತಿತ್ತು, ಮುಂಗುಸಿಯಂತಹ ಪೋಲಿಸರ ಪಿಸ್ತೂಲುಗಳು ತಂತಿಗಳಲ್ಲಿ ತೂಗಾಡುತ್ತಿದ್ದವು. ಹೀಗಾಗಿ ಚಿತ್ರಕಾರರಿಗೆ ಸಿಕ್ಕಿದ್ದು ಬಿಳಿ ಹಾಳೆಯಲ್ಲ. ತಟ್ಟೆ ಎಲ್ಲಿ ತಿರುಗಿದೆಯೋ ಅಲ್ಲಿಗೆ ರೆಕ್ಕೆ ಬರಲೇಬೇಕೆಂಬ ಕಟ್ಟಳೆ.

ಮುಂದಿನ ಹಂತ ಲಂಡನ್ನಿನ ಕ್ಯಾಮ್ಡನ್ ಟೌನ್‌ನಲ್ಲಿದ್ದ ಅನಿಮೇಷನ್ ಘಟಕದ್ದು. ಒಂದಿಷ್ಟು ಭಾಗವನ್ನು ಕ್ಯಾಲಿಫೋರ್ನಿಯಾದಲ್ಲಿ ಡೇಲ್ ಬೇರ್ ಅವರ ತಂಡ ಮಾಡಿತು. ಚಿತ್ರೀಕರಿಸಿದ ಪ್ರತಿ ಫ್ರೇಮನ್ನೂ ದೊಡ್ಡ ಕಪ್ಪು ಬಿಳುಪು ಫೋಟೋ ಪ್ರತಿಯಾಗಿ ತೆಗೆದು, ಅದರ ಮೇಲೆ ಕಾಗದವಿಟ್ಟು ಪಾತ್ರವನ್ನು ಬರೆಯುತ್ತಿದ್ದರು. ಸಾಮಾನ್ಯ ಕಾರ್ಟೂನ್‌ಗಳಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮುಗಳಿಗೆ ನಿಲ್ಲಿಸುವ ರೂಢಿಯಿದೆ, ಅಂದರೆ ಸೆಕೆಂಡಿಗೆ 12 ಚಿತ್ರಗಳು ಸಾಕಾಗುತ್ತವೆ. ಆದರೆ ಹಿನ್ನೆಲೆ ಪ್ರತಿ ಫ್ರೇಮಿನಲ್ಲೂ ಸರಿಯುತ್ತಿರುವಾಗ ಪಾತ್ರ ಒಂದು ಫ್ರೇಮು ನಿಂತರೂ ನೆಲದ ಮೇಲೆ ಜಾರಿದಂತೆ ಕಾಣುವುದರಿಂದ, ಇಲ್ಲಿ ಸೆಕೆಂಡಿಗೆ 24 ಚಿತ್ರಗಳು ಬೇಕಾದವು. ಚಿತ್ರಕ್ಕಾಗಿ ಬರೆದ ಅನಿಮೇಷನ್ ಫ್ರೇಮುಗಳ ಸಂಖ್ಯೆ 82,000 ದಾಟಿದ್ದಕ್ಕೆ ಇದೂ ಒಂದು ಕಾರಣ.

ಬಣ್ಣ ತುಂಬಿದ ಚಿತ್ರ ಇನ್ನೂ ಚಪ್ಪಟೆಯಾಗಿಯೇ ಇರುತ್ತದೆ. ಅದಕ್ಕೆ ಉಬ್ಬು ತಗ್ಗು ಬರುವುದು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯಲ್ಲಿ ಕೆನ್ ರಾಲ್ಸ್ಟನ್ ಅವರ ಮೇಲ್ವಿಚಾರಣೆಯಲ್ಲಿ ನಡೆದ ಆಪ್ಟಿಕಲ್ ಕೆಲಸದಿಂದ, ಅಂದರೆ ಫಿಲ್ಮಿನ ಬೇರೆ ಬೇರೆ ಪದರಗಳನ್ನು ಒಂದೇ ಚಿತ್ರವಾಗಿ ಕೂಡಿಸುವ ಕೆಲಸದಿಂದ. ಮೈಮೇಲಿನ ನೆರಳಿಗೆ ಒಂದು ಪದರ, ಅಂಚಿನ ಮಿಂಚಿಗೆ ಇನ್ನೊಂದು, ನೆಲದ ಮೇಲೆ ಬೀಳುವ ನೆರಳಿಗೆ ಮತ್ತೊಂದು ಎಂದು ಬೇರೆ ಬೇರೆಯಾಗಿ ತಯಾರಿಸಿ, ಆಪ್ಟಿಕಲ್ ಪ್ರಿಂಟರಿನಲ್ಲಿ ಒಂದರ ಮೇಲೊಂದು ಮುದ್ರಿಸಲಾಯಿತು. ಕಂಪ್ಯೂಟರಿನಲ್ಲಿ ಪದರಗಳನ್ನು ಜೋಡಿಸುವ ಪದ್ಧತಿ ಇನ್ನೂ ರೂಢಿಗೆ ಬಂದಿರಲಿಲ್ಲ. ಫಿಲ್ಮನ್ನು ಪ್ರತಿ ಬಾರಿ ನಕಲಿಸಿದಾಗಲೂ ಚಿತ್ರದ ಕಣಗಳು ಒರಟಾಗುತ್ತವೆ. ಆ ನಷ್ಟವನ್ನು ತುಂಬಿಕೊಳ್ಳಲೆಂದೇ, ಫಿಲ್ಮು ಅಡ್ಡಡ್ಡವಾಗಿ ಓಡಿ ದೊಡ್ಡ ಫ್ರೇಮು ಕೊಡುವ ವಿಸ್ಟಾವಿಷನ್ ಕ್ಯಾಮೆರಾಗಳನ್ನು ಬಳಸಿದ್ದರು. ರೋಜರ್‌ನ ಹೆಂಡತಿ ಜೆಸ್ಸಿಕಾಳ ಉಡುಪಿನ ಮಿನುಗಿನ ಹಿಂದಿರುವುದು ಮಾತ್ರ ತೀರಾ ಸರಳ ಉಪಾಯ: ಉಕ್ಕಿನ ನಾರಿನಿಂದ ಗೀಚಿದ ಪ್ಲಾಸ್ಟಿಕ್ ಚೀಲದ ಮೂಲಕ ಬೆಳಕು ಹಾಯಿಸಿದ್ದರು.

ಇದೆಲ್ಲ ಒಟ್ಟುಗೂಡುವುದು ಮದ್ಯದಂಗಡಿಯ ಹಿಂಬದಿಯ ಕೋಣೆಯ ದೃಶ್ಯದಲ್ಲಿ. ರೋಜರ್ ಮತ್ತು ಎಡ್ಡೀ ಒಂದೇ ಕೈಕೋಳದಲ್ಲಿ ಸಿಕ್ಕಿಕೊಂಡಿದ್ದಾರೆ. ಎಡ್ಡೀಯ ತಲೆ ತೂಗುದೀಪಕ್ಕೆ ತಗಲಿ ದೀಪ ಓಲಾಡತೊಡಗುತ್ತದೆ. ಕಥೆಗೆ ಆ ಓಲಾಟ ಬೇಕಿಲ್ಲ. ಅದು ಇಲ್ಲದಿದ್ದರೆ ಯಾವ ಪ್ರೇಕ್ಷಕನೂ ಕೊರತೆ ಎಣಿಸುತ್ತಿರಲಿಲ್ಲ. ಆದರೆ ಓಲಾಡಿದ ಕಾರಣಕ್ಕೆ ಮೊಲದ ಮುಖದ ಮೇಲಿನ ನೆರಳೂ ಗೋಡೆಯ ಮೇಲಿನ ನೆರಳೂ ಫ್ರೇಮು ಫ್ರೇಮಿಗೆ ಬದಲಾಗಬೇಕಾಯಿತು, ಅದನ್ನೆಲ್ಲ ಕೈಯಿಂದಲೇ ಬರೆದರು. ನೋಡುವವನಿಗೆ ಲೆಕ್ಕ ತಿಳಿಯದಿದ್ದರೂ ಆ ಕೋಣೆಯಲ್ಲಿ ಒಂದೇ ದೀಪವಿದೆ, ಅದರ ಬೆಳಕು ಇಬ್ಬರ ಮೇಲೂ ಬೀಳುತ್ತಿದೆ ಎಂಬುದು ಮನಸ್ಸಿಗೆ ನಾಟುತ್ತದೆ. ಚಿತ್ರದ ಅತ್ಯುತ್ತಮ ಹಾಸ್ಯವೂ ಅಲ್ಲಿಯೇ ಇದೆ. ಎಡ್ಡೀ ಕೋಳವನ್ನು ಗರಗಸದಿಂದ ಕೊಯ್ಯುತ್ತಿರುವಾಗ ಸಹಾಯಕ್ಕೆಂದು ರೋಜರ್ ತನ್ನ ಕೈಯನ್ನು ಸರಾಗವಾಗಿ ಹೊರತೆಗೆಯುತ್ತಾನೆ. ಹಾಗಾದರೆ ಯಾವಾಗ ಬೇಕಾದರೂ ತೆಗೆಯಬಹುದಿತ್ತೇ ಎಂದು ಕೇಳಿದರೆ, ನಗು ಬರುವಂತಿದ್ದಾಗ ಮಾತ್ರ ಎಂಬ ಅರ್ಥದ ಉತ್ತರ ಬರುತ್ತದೆ. ಮನುಷ್ಯನ ಭೌತಶಾಸ್ತ್ರ ಒಂದು, ಕಾರ್ಟೂನಿನ ಭೌತಶಾಸ್ತ್ರ ಇನ್ನೊಂದು. ಎರಡೂ ಅದೇ ಕೋಳದ ಎರಡು ತುದಿಗಳಲ್ಲಿವೆ.

ಕಾರ್ಟೂನ್‌ಗಳನ್ನು ಕೊಲ್ಲಬಲ್ಲ ದ್ರವವೂ ಹೀಗೆಯೇ ಕಸುಬಿನೊಳಗಿನಿಂದ ಬಂದ ಕಲ್ಪನೆ. ಟರ್ಪಂಟೈನ್, ಅಸಿಟೋನ್, ಬೆಂಜೀನ್ ಸೇರಿದ ಆ ಮಿಶ್ರಣ ಬಣ್ಣವನ್ನು ಕರಗಿಸುವಂಥದ್ದು.

ಡಿಸ್ನಿ ಮತ್ತು ವಾರ್ನರ್ ಸಂಸ್ಥೆಗಳ ಪಾತ್ರಗಳು ಒಟ್ಟಿಗೆ ಬಂದದ್ದು ಪ್ರಸಿದ್ಧ ಸಂಗತಿಯಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಮಿಕ್ಕಿ ಮತ್ತು ಬಗ್ಸ್ ಬನ್ನಿಗೆ ತೆರೆಯ ಮೇಲೆ ಸಮನಾದ ಸಮಯ ಸಿಗಬೇಕೆಂಬ ಷರತ್ತಿನಿಂದಲೇ ಇಬ್ಬರೂ ಸದಾ ಜೊತೆಯಾಗಿ ಕಾಣಿಸುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಎಡ್ಡೀ ಕಾರ್ಟೂನ್‌ಗಳ ಊರಾದ ಟೂನ್‌ಟೌನ್‌ಗೆ ಹೋಗುವ ಭಾಗ ನನಗೆ ಚಿತ್ರದ ದುರ್ಬಲ ಅಂಶವೆನಿಸುತ್ತದೆ. ಅಲ್ಲಿ ಸನ್ನಿವೇಶ ತಿರುಗುಮುರುಗಾಗಿ, ಚಿತ್ರಿಸಿದ ಜಗತ್ತಿನೊಳಗೆ ನಿಜವಾದ ಮನುಷ್ಯ ಒಬ್ಬನೇ ಉಳಿಯುತ್ತಾನೆ. ಅವನು ಮುಟ್ಟುವ ವಸ್ತುಗಳೂ ಬಹುಪಾಲು ಚಿತ್ರಗಳೇ ಆದ್ದರಿಂದ ಪ್ರತಿರೋಧ ಸಿಗುವುದಿಲ್ಲ, ಮೈಗೆ ಬಿದ್ದ ಬೆಳಕೂ ಸುತ್ತಲಿನ ಬಣ್ಣಕ್ಕೆ ಪೂರ್ತಿ ಹೊಂದುವುದಿಲ್ಲ. ತಟ್ಟೆ, ಪಿಸ್ತೂಲು, ತೂಗುದೀಪಗಳ ಮಹತ್ವ ತಿಳಿಯಬೇಕಾದರೆ ಈ ಭಾಗವನ್ನು ರಾತ್ರಿಕ್ಲಬ್ಬಿನ ದೃಶ್ಯದ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಚಿತ್ರಕ್ಕೆ ಸಂಕಲನ, ಧ್ವನಿ ಪರಿಣಾಮಗಳ ಸಂಕಲನ ಮತ್ತು ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಬಂದವು. ಅನಿಮೇಷನ್ ನಿರ್ದೇಶನಕ್ಕಾಗಿ ವಿಲಿಯಮ್ಸ್ ಅವರಿಗೆ ವಿಶೇಷ ಪ್ರಶಸ್ತಿ ಸಂದಿತು. ಆಪ್ಟಿಕಲ್ ಪ್ರಿಂಟರ್ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಸೆಟ್ಟಿನ ಶಿಸ್ತು ಮಾತ್ರ ಮುಂದುವರಿಯಿತು: ಈ ಚಿತ್ರದ ಛಾಯಾಗ್ರಾಹಕ ಡೀನ್ ಕಂಡಿ ಮತ್ತು ಯಾಂತ್ರಿಕ ಪರಿಣಾಮಗಳ ಮೈಕೆಲ್ ಲಾಂಟಿಯೇರಿ ಇಬ್ಬರೂ 1993ರ 'ಜುರಾಸಿಕ್ ಪಾರ್ಕ್' ಚಿತ್ರಕ್ಕೆ ಕೆಲಸ ಮಾಡಿದರು, ಅಲ್ಲಿಯೂ ನಟರು ಇಲ್ಲದ ಪ್ರಾಣಿಯ ಎತ್ತರಕ್ಕೆ ಕತ್ತೆತ್ತಿ ನೋಡಬೇಕಾಗಿತ್ತು.