ಬೇಲಿಯ ಕರಂಡೆ: ಯಾವುದಕ್ಕೆ ಎಂದು ತೀರ್ಮಾನಿಸಿ, ಆಮೇಲೆ ಕೀಳಿ

ಜುಲೈ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಈ ದೂರು ಇದ್ದೇ ಇರುತ್ತದೆ. "ಮೇಡಂ, ಬೇಲಿ ತುಂಬಾ ಕರಂಡೆ ಬಿಟ್ಟಿತ್ತು. ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿ ಜೆಲ್ಲಿ ಮಾಡಿದೆ. ಎಷ್ಟು ಕುದಿಸಿದರೂ ಪಾಕದ ಹಾಗೇ ಇದೆ, ಗಟ್ಟಿಯಾಗ್ತಾನೇ ಇಲ್ಲ." ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿದ್ದರಿಂದಲೇ ಹೀಗಾಯಿತು.

ಕರಾವಳಿಯವರ ಕರಂಡೆ, ಮಲೆನಾಡಿನವರ ಕವಳೆ, ಉತ್ತರ ಕರ್ನಾಟಕದವರ ಕವಳಿ. ಗುಡ್ಡದಲ್ಲಿ ತಾನಾಗಿ ಬೆಳೆಯುವ ಸಣ್ಣ ಕವಳೆ ಮುಂಗಾರಿಗೆ ಮುಂಚೆಯೇ ಕಪ್ಪಾಗುತ್ತದೆ. ಅದು ಅಡುಗೆಮನೆಯವರೆಗೆ ಬರುವುದೇ ಕಡಿಮೆ, ಕಿತ್ತಲ್ಲೇ ಬಾಯಿಗೆ ಹೋಗುತ್ತದೆ. ನಾನು ಹೇಳುತ್ತಿರುವುದು ತೋಟದ ಬೇಲಿಗೆ ಹಾಕುವ ದೊಡ್ಡ ಕರಂಡೆಯ ಬಗ್ಗೆ. ಬೇಸಿಗೆಯ ಕೊನೆಗೆ ಕಾಯಿ, ಮಳೆಗಾಲದಲ್ಲಿ ಹಣ್ಣು. ಒಂದೇ ಗೊಂಚಲಿನಲ್ಲಿ ಹಸಿರು, ಗುಲಾಬಿ, ಕಪ್ಪು ಮೂರೂ ಇರುತ್ತವೆ. ಎಲ್ಲವೂ ಒಟ್ಟಿಗೆ ಹಣ್ಣಾಗಲ್ಲ ಎಂದು ಬೇಸರ ಮಾಡಿಕೊಳ್ಳುವವರಿದ್ದಾರೆ. ನನ್ನ ಪ್ರಕಾರ ಇದರ ಅನುಕೂಲವೇ ಅದು.

ಉಪ್ಪಿನಕಾಯಿಗೆ ಹಸಿರು ಕಾಯಿಯೇ ಆಗಬೇಕು. ಒಂದನ್ನು ಅಡ್ಡ ಕೊಯ್ದು ನೋಡಿ. ಒಳಗಿನ ಬೀಜ ಬೆಳ್ಳಗೆ, ಉಗುರಿಗೆ ಸಿಗುವಷ್ಟು ಮೆತ್ತಗಿದ್ದರೆ ಸರಿಯಾದ ಸಮಯ. ಬೀಜ ಕಂದು ತಿರುಗಿದ್ದರೆ ಕಾಯಿ ಬಲಿತಿದೆ. ಉಪ್ಪಿಗೆ ಹಾಕುವ ಕ್ರಮ ಮಾವಿನ ಮಿಡಿಯದ್ದೇ. ಒಂದು ಕಿಲೋ ಕಾಯಿಗೆ 200ರಿಂದ 250 ಗ್ರಾಂ ಕಲ್ಲುಪ್ಪು ಹಾಕಿ, ನೀರು ಬಿಟ್ಟ ಮೇಲೆ ಕಾಯಿ ತೇಲದಂತೆ ಮೇಲೊಂದು ಭಾರ ಇಡಿ. ತೇಲಿದ ಕಾಯಿಗೇ ಮೊದಲು ಬೂಷ್ಟು ಬರುವುದು. ಗಂಜಿ ಊಟ ಮಾಡುವವರಿಗೆ ಇಷ್ಟೇ ಸಾಕು, ಖಾರ ಸಾಸಿವೆ ಏನೂ ಬೇಡ.

ಇನ್ನು ಸೊನೆ. ಕರಂಡೆ ಕಣಗಿಲೆಯ ಕುಟುಂಬದ್ದು. ತೊಟ್ಟು ಮುರಿದ ಕೂಡಲೇ ಬಿಳಿ ಹಾಲು ಬರುತ್ತದೆ, ಬೆರಳಿಗೆ, ಚಾಕುವಿಗೆ ಅಂಟಿ ಕಪ್ಪಾಗುತ್ತದೆ. ಸುಮ್ನೆ ನೀರಲ್ಲಿ ತೊಳೆದರೆ ಹೋಗುವುದಿಲ್ಲ. ಹಲಸು ಬಿಡಿಸುವಾಗಿನಂತೆ ಕೈಗೆ, ಚಾಕುವಿಗೆ ತೆಂಗಿನೆಣ್ಣೆ ಸವರಿಕೊಳ್ಳಿ. ತೊಟ್ಟು ತೆಗೆದ ಕಾಯಿಯನ್ನು ಉಪ್ಪು ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ. ಕುಟುಂಬದ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ: ಕಣಗಿಲೆಯ ಎಲೆ, ಹೂವು, ಕಾಯಿ ಎಲ್ಲವೂ ವಿಷ. ಎರಡೂ ಒಂದೇ ಬೇಲಿಯಲ್ಲಿದ್ದರೆ ಮಕ್ಕಳಿಗೆ ಮೊದಲೇ ತೋರಿಸಿಕೊಡಿ.

ಜೆಲ್ಲಿಗೆ ಬರೋಣ. ಜೆಲ್ಲಿ ಕಟ್ಟಬೇಕಾದರೆ ಪೆಕ್ಟಿನ್ (ಹಣ್ಣಿನಲ್ಲೇ ಇರುವ, ರಸವನ್ನು ಗಟ್ಟಿ ಮಾಡುವ ಅಂಶ), ಹುಳಿ, ಸಕ್ಕರೆ ಮೂರೂ ಹದವಾಗಿ ಸೇರಬೇಕು. ಕರಂಡೆಯಲ್ಲಿ ಮೊದಲ ಎರಡೂ ಧಾರಾಳವಾಗಿವೆ, ನಿಂಬೆರಸ ಹಾಕುವ ಅಗತ್ಯವೇ ಇಲ್ಲ. ಆದರೆ ಹಣ್ಣು ಕಪ್ಪಾಗಿ ಮೆತ್ತಗಾಗುತ್ತಾ ಹೋದಂತೆ ಎರಡೂ ಇಳಿಯುತ್ತವೆ. ಅದಕ್ಕೇ ಅರೆಹಣ್ಣು ಎರಡು ಪಾಲು, ಬಣ್ಣಕ್ಕೆಂದು ಕಪ್ಪು ಹಣ್ಣು ಒಂದು ಪಾಲು ತೆಗೆದುಕೊಳ್ಳಿ. ಜಜ್ಜಿ, ಮುಳುಗುವಷ್ಟೇ ನೀರು ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಹಿಂಡಬೇಡಿ, ಜೆಲ್ಲಿ ಮಂಕಾಗುತ್ತದೆ. ರಾತ್ರಿಯಿಡೀ ತೂಗುಹಾಕಿ ಮಲಗಿ.

ಸಕ್ಕರೆ ಹಾಕುವ ಮೊದಲು ಒಂದು ಪರೀಕ್ಷೆ ಇದೆ. ಒಂದು ಚಮಚ ಆರಿದ ರಸಕ್ಕೆ ಒಂದು ಚಮಚ ಸರ್ಜಿಕಲ್ ಸ್ಪಿರಿಟ್ ಹಾಕಿ ಬಟ್ಟಲನ್ನು ಮೆಲ್ಲಗೆ ತಿರುಗಿಸಿ, ಒಂದು ನಿಮಿಷ ಬಿಡಿ. ಒಂದೇ ಗಟ್ಟಿ ಮುದ್ದೆಯಾಗಿ ಕೂತರೆ ಪೆಕ್ಟಿನ್ ಚೆನ್ನಾಗಿದೆ. ಒಂದು ಲೋಟ ರಸಕ್ಕೆ ಮುಕ್ಕಾಲು ಲೋಟ ಸಕ್ಕರೆ ಹಾಕಬಹುದು. ಚೂರುಚೂರಾಗಿ ಒಡೆದರೆ ಸಕ್ಕರೆ ಹಾಕದೆ ರಸವನ್ನೇ ಇನ್ನಷ್ಟು ಬತ್ತಿಸಿ. ಪರೀಕ್ಷೆ ಮಾಡಿದ ಬಟ್ಟಲಿನದನ್ನು ಚೆಲ್ಲಿಬಿಡಿ, ಅದು ತಿನ್ನುವುದಲ್ಲ.

ಸಕ್ಕರೆ ಹಾಕಿ ಕುದಿಸುತ್ತಾ ಹದ ನೋಡುವ ಜಾಗದಲ್ಲೂ ಜನ ಎಡವುತ್ತಾರೆ. 105 ಡಿಗ್ರಿ ಬಂದಾಗ ಒಲೆಯಿಂದ ಇಳಿಸಬೇಕು ಎಂದು ಎಲ್ಲ ಕಡೆ ಬರೆದಿರುತ್ತದೆ. ಮಂಗಳೂರಿನಲ್ಲಿ ಅದು ಸರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ನೀರೇ 97 ಡಿಗ್ರಿ ಹತ್ತಿರ ಕುದಿಯುತ್ತದೆ. 105 ಬರಲಿ ಎಂದು ಕಾದರೆ ಜೆಲ್ಲಿ ಚಮಚದಲ್ಲಿ ಎಬ್ಬಿಸಲಾಗದಷ್ಟು ಬಿಗಿಯಾಗುತ್ತದೆ. ಆ ಊರಿಗೆ 102 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದವರು ಸೌಟನ್ನು ಓರೆ ಹಿಡಿದು ನೋಡಿ. ಹನಿಹನಿಯಾಗಿ ಬೀಳುತ್ತಿದ್ದದ್ದು ಎರಡು ಹನಿ ಕೂಡಿ ಹಾಳೆಯಂತೆ ಜಾರಿದರೆ ಹದ ಬಂತು. ಪಾತ್ರೆ ಸ್ಟೀಲಿನದ್ದೇ ಇರಲಿ. ಇಷ್ಟು ಹುಳಿಗೆ ಅಲ್ಯೂಮಿನಿಯಂ ಆಗಲಿ ಕಲಾಯಿ ಇಲ್ಲದ ಹಿತ್ತಾಳೆಯಾಗಲಿ ಬೇಡ.

ಪೂರ್ತಿ ಕಪ್ಪಾದ ಹಣ್ಣು ತಿನ್ನಲಿಕ್ಕೆ, ಶರಬತ್ತಿಗೆ, ಬೆಲ್ಲ ಹಾಕಿದ ಗೊಜ್ಜಿಗೆ. ಕಿತ್ತ ಮೇಲೆ ಎರಡು ಮೂರು ದಿನಕ್ಕಿಂತ ಜಾಸ್ತಿ ಉಳಿಯುವುದಿಲ್ಲ. ಮಳೆಯಲ್ಲಿ ನೆನೆದದ್ದಾದರೆ ಇನ್ನೂ ಬೇಗ ಹುಳಿತು ಹೋಗುತ್ತದೆ. ಬಿಸಿಲು ಬಿದ್ದು ಗಿಡ ಒಣಗಿದಾಗ ಕೀಳಿ. ಕೆಳಗೆ ಹಳೇ ಸೀರೆ ಹಾಸಿ ಕೋಲಿನಿಂದ ಕೊಂಬೆ ಅಲುಗಿಸಿದರೆ ಹಣ್ಣಾದದ್ದು ತಾನೇ ಉದುರುತ್ತದೆ, ಮುಳ್ಳಿಗೆ ಕೈ ಕೊಡುವುದು ತಪ್ಪುತ್ತದೆ. ಮುಳ್ಳು ಸಾಮಾನ್ಯದ್ದಲ್ಲ, ದನವೂ ಒಳಗೆ ನುಗ್ಗುವುದಿಲ್ಲ. ಬೆರಳಿನ ಗೆಣ್ಣಿಗೆ ಚುಚ್ಚಿ ಬಾವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಕರಂಡೆ ತಿಂದರೆ ರಕ್ತ ಹೆಚ್ಚಾಗುತ್ತದಂತೆ ಹೌದಾ ಎಂದು ಕೇಳುತ್ತಾರೆ. ಒಣಗಿಸಿದ ಹಣ್ಣಿನ ಕಬ್ಬಿಣದ ಲೆಕ್ಕವನ್ನು ತಾಜಾ ಹಣ್ಣಿಗೆ ಹಚ್ಚಿ ಹೇಳಿದರೆ ಯಾವ ಹಣ್ಣಾದರೂ ಔಷಧಿಯಾಗಿಯೇ ಕಾಣುತ್ತದೆ. ರುಚಿಗೆ ತಿನ್ನಿ, ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ. ಅಂದಹಾಗೆ, ಕೇಕಿನ ಮೇಲೆ ಕೂರುವ ಕೆಂಪು 'ಚೆರ್ರಿ' ಎಷ್ಟೋ ಸಲ ಇದೇ ಕರಂಡೆ. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕ ಕುಡಿಸಿರುತ್ತಾರೆ. ಮನೆಯಲ್ಲಿ ಮಾಡಬಹುದು, ಆದರೆ ಅಷ್ಟು ಕಷ್ಟಪಟ್ಟು ಕರಂಡೆಯ ರುಚಿಯನ್ನೇ ಕಳೆಯುವುದು ಯಾಕೆ ಅಲ್ವಾ?

ಕೊಯ್ಲು ಮುಗಿದ ಕೂಡಲೇ ಬೇಲಿಗೆ ಕತ್ತರಿ ಹಾಕಿ. ಹೂವು ಬರುವುದು ರೆಂಬೆಯ ತುದಿಯಲ್ಲಿ. ಬೇಸಿಗೆ ಶುರುವಿನಲ್ಲಿ ಬೇಲಿ ಸಮ ಮಾಡಲು ಹೋದರೆ ಆ ವರ್ಷದ ಫಸಲನ್ನೇ ಕತ್ತರಿಸಿದ ಹಾಗೆ. ಹೊಸ ಗಿಡ ಬೇಕಿದ್ದರೆ ಹಣ್ಣಿನ ಬೀಜವನ್ನು ತೊಳೆದು, ಒಣಗಿಸಿ ಇಡದೆ ಆಗಲೇ ಹಾಕಿ. ಜೆಲ್ಲಿಗೆ ಬೇಯಿಸಿ ಸೋಸಿದ ಚರಟದ ಬೀಜ ಮೊಳೆಯುವುದಿಲ್ಲ, ಅದನ್ನು ಗೊಬ್ಬರದ ಗುಂಡಿಗೆ ಹಾಕಿ.