ಹಡಗಿನ ಡಯಲ್ ಫೋನ್ ದುರಸ್ತಿ: ಎಣ್ಣೆ ಆಮೇಲೆ, ಉಪ್ಪು ಮೊದಲು

ಹಳೆಯ ಯುದ್ಧನೌಕೆಯ ಡಯಲ್ ಫೋನ್ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಡಯಲ್ ತಿರುಗಿಸಿ ನೋಡುತ್ತಾರೆ. ಬಿಗಿಯಾಗಿದ್ದರೆ ಎರಡು ಹನಿ ಎಣ್ಣೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಡಗಿನ ಫೋನನ್ನು ಹಾಳು ಮಾಡುವುದು ವಯಸ್ಸಿಗಿಂತ ಜಾಸ್ತಿ ಉಪ್ಪು. ಅದು ಹೊರಗೆ ಬರುವ ತನಕ ಎಣ್ಣೆಯೂ ಬೇಡ, ಕರೆಂಟೂ ಬೇಡ. ಕಾರವಾರ, ಅಂಕೋಲಾ, ಕುಮಟಾ ಕಡೆ ಕೂತು ಈ ಕೆಲಸ ಕಲಿಯುವವರಿಗೆ ಈ ಮಾತು ಇನ್ನೂ ಮುಖ್ಯ. ನಮ್ಮ ಗಾಳಿಯಲ್ಲೇ ಉಪ್ಪಿದೆ.

ಕಾರಣ ಹೀಗಿದೆ. ಗಾಳಿಯ ತೇವ ಶೇ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರಾಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ಸುಮಾರು ಶೇ 33 ತೇವ ಸಾಕು. ಕರಾವಳಿಯಲ್ಲಿ ಗಾಳಿ ಅಷ್ಟು ಒಣಗುವುದೇ ಅಪರೂಪ, ಅಲ್ವಾ? ಹಾಗಾಗಿ ನೋಡಲು ಒಣಗಿದ ಫೋನಿನೊಳಗೂ ಉಪ್ಪುನೀರಿನ ತೆಳು ಪದರ ಉಳಿದಿರುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆ, ಹಿತ್ತಾಳೆಯ ಸ್ಕ್ರೂ, ನಡುವೆ ಉಪ್ಪುನೀರು. ಎರಡು ಬೇರೆ ಲೋಹ ಹೀಗೆ ಸೇರಿದರೆ ಅಲ್ಲೇ ಸಣ್ಣದೊಂದು ಬ್ಯಾಟರಿ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸ್ಕ್ರೂ ಸುತ್ತ ಕಾಣುವ ಬಿಳಿ ಪುಡಿ ಅದೇ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡರೆ ಅಲ್ಲೂ ಉಪ್ಪು ಕೂತಿದೆ ಎಂದು ಅನುಮಾನಿಸಿ. ಇದರ ಮೇಲೆ ಎಣ್ಣೆ ಬಿಟ್ಟರೆ ಆಮೇಲೆ ತೊಳೆಯುವ ನೀರು ಉಪ್ಪಿಗೆ ತಾಗುವುದಿಲ್ಲ. ಅಡಿಯಲ್ಲಿ ತಿನ್ನುವುದು ಮಾತ್ರ ನಡೆದೇ ಇರುತ್ತದೆ.

ಮನೆಯ ಫೋನಿಗೂ ಹಡಗಿನ ಫೋನಿಗೂ ಏನು ವ್ಯತ್ಯಾಸ? ಕಾರವಾರದ ಟಾಗೋರ್ ಬೀಚಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಒಳಗೆ ಒಮ್ಮೆ ಹೋಗಿ ಬನ್ನಿ. ಅದು ಸೋವಿಯತ್ ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. ಉದ್ದ 40 ಮೀಟರ್ ಕೂಡ ಇಲ್ಲ, ಅದರಲ್ಲೇ ಮೂರು ಡೀಸೆಲ್ ಎಂಜಿನ್. ಅಂಥ ಇಕ್ಕಟ್ಟಿನಲ್ಲಿ, ಅಂಥ ಸದ್ದಿನಲ್ಲಿ, ಅಲೆಗೆ ಓಲಾಡುತ್ತಾ ಮಾತು ಕೇಳಿಸಬೇಕು. ಅದಕ್ಕೇ ಹಡಗಿನ ಫೋನಿಗೆ ದಪ್ಪ ಎರಕದ ಪೆಟ್ಟಿಗೆ, ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್, ಕೇಬಲ್ ಒಳಬರುವಲ್ಲಿ ನೀರು ತಡೆಯುವ ಗ್ಲ್ಯಾಂಡ್ ಇರುತ್ತವೆ. ರಿಸೀವರ್ ಬೀಳದಂತೆ ಹಿಡಿಯುವ ಕ್ಲಿಪ್ ಇರುತ್ತದೆ. ಎಂಜಿನ್ ಕೋಣೆಯಲ್ಲಾದರೆ ಗಂಟೆಯ ಜೊತೆ ದೀಪವನ್ನೂ ಇಡುವುದುಂಟು.

ನಿಮ್ಮದು ಯಾವ ಜಾತಿಯದು ಎಂದು ಬಿಚ್ಚುವ ಮೊದಲೇ ತಿಳಿಯಿರಿ. ಡಯಲ್ ಇದ್ದರೆ ಅದು ಸಾಮಾನ್ಯವಾಗಿ ಎಕ್ಸ್‌ಚೇಂಜ್ ಮೂಲಕ ಮಾತಾಡುವ ಫೋನ್. ಡಯಲ್ ಬದಲು ಕೈಯಿಂದ ತಿರುಗಿಸುವ ಹಿಡಿ, ಸ್ಥಳ ಆರಿಸುವ ಸ್ವಿಚ್ ಇದ್ದರೆ ಅದು ಬಹುಶಃ ದನಿಯ ಬಲದಿಂದಲೇ ನಡೆಯುವ ಫೋನ್. ಅದಕ್ಕೆ ಬ್ಯಾಟರಿ ಬೇಡ. ನಮ್ಮ ದನಿಗೆ ತೆಳು ತಗಡು ಅದುರುತ್ತದೆ, ಅಯಸ್ಕಾಂತದ ನಡುವಿನ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ, ಅದೇ ಆ ಬದಿಯ ತಗಡನ್ನು ಅದುರಿಸುತ್ತದೆ. ಹಡಗಿನ ವಿದ್ಯುತ್ ಪೂರ್ತಿ ಹೋದರೂ ಮಾತು ನಿಲ್ಲುವುದಿಲ್ಲ. ಎಷ್ಟು ಚೆಂದದ ಯೋಚನೆ! ಆದರೆ ಅದನ್ನು 48 ವೋಲ್ಟ್ ಟೆಲಿಫೋನ್ ಲೈನಿಗೆ ನೇರ ಜೋಡಿಸಬೇಡಿ.

ಇನ್ನೆರಡು ಎಚ್ಚರಿಕೆ. ಕತ್ತಲಲ್ಲಿ ಕಾಣಲೆಂದು ಹಳೆಯ ಮಿಲಿಟರಿ ಸಾಮಾನುಗಳ ಅಂಕೆಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಹೊಳೆಯುವುದಿಲ್ಲ ಎಂದರೆ ಸತ್ತುಹೋಗಿದೆ ಎಂದಲ್ಲ. ಸತ್ತಿರುವುದು ಹೊಳೆಯುವ ಪುಡಿ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಅಂಕೆಗಳ ಮೇಲೆ ಕಂದು ಬಣ್ಣದ ಗಟ್ಟಿ ಲೇಪ ಕಂಡರೆ ಕೆರೆಯಬೇಡಿ, ಉಜ್ಜಬೇಡಿ, ವಿಕಿರಣ ಅಳೆಯುವ ಸಾಧನ ಇರುವವರಿಗೆ ತೋರಿಸಿ. ಎರಡನೆಯದು, ಬೂದು ಬಣ್ಣದ ಹಳೆಯ ಪದರಗಳಲ್ಲಿ ಸೀಸ ಇರಬಹುದು. ಒಣ ಮರಳುಕಾಗದ ಹಾಕಿ ಉಜ್ಜಿದರೆ ಆ ಧೂಳು ಎದೆಯೊಳಗೆ ಹೋಗುತ್ತದೆ. ನನ್ನ ಕೇಳಿದರೆ, ಬಣ್ಣವನ್ನು ಇದ್ದಂತೆ ಬಿಡುವುದೇ ಸರಿ. ಅದರ ಮೇಲೆ ಅಚ್ಚೊತ್ತಿದ ಕೋಣೆಯ ಹೆಸರು, ಸಂಖ್ಯೆಗಳೇ ಆ ಫೋನಿನ ಚರಿತ್ರೆ.

ಈಗ ತೊಳೆಯುವುದು. ಬಿಚ್ಚುವಾಗ ಪ್ರತಿ ತಂತಿಯ ಫೋಟೋ ತೆಗೆಯಿರಿ, ಕೈಯಿಂದ ಒಂದು ನಕ್ಷೆಯನ್ನೂ ಬರೆಯಿರಿ. ಕಾಯಿಲ್, ಕಪಾಸಿಟರ್, ಮೈಕ್, ಬಟ್ಟೆ ಸುತ್ತಿದ ತಂತಿ, ಇವು ನೀರಿಗೆ ಬೀಳಬಾರದು. ಪೆಟ್ಟಿಗೆ, ಮುಚ್ಚಳ, ಹಿತ್ತಾಳೆಯ ಬಿಡಿಭಾಗಗಳನ್ನು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ಕಡಲ ಬದಿಯ ಬಾವಿ ನೀರು ಬೇಡ, ಮಳೆನೀರೂ ಬೇಡ, ಎರಡರಲ್ಲೂ ಉಪ್ಪಿರಬಹುದು. ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಮೀಟರನ್ನು ಆ ನೀರಿನಲ್ಲಿ ಅದ್ದಿ. ಅಂಕಿ ಏರಿದರೆ ಉಪ್ಪು ಬಿಡುತ್ತಿದೆ ಎಂದರ್ಥ. ನೀರು ಬದಲಿಸಿ. ಹೊಸ ನೀರಿನಲ್ಲಿ ಒಂದಿಡೀ ದಿನ ಇಟ್ಟರೂ ಅಂಕಿ ಏರದಿದ್ದರೆ ಸಾಕು. ಕಬ್ಬಿಣದ ಭಾಗಗಳನ್ನು ಮಾತ್ರ ಹೀಗೆ ನೆನೆಸಿಡಬೇಡಿ, ತೊಳೆದ ಕೂಡಲೇ ಒರೆಸಿ ಒಣಗಿಸಿ. ಹುಣಸೆಹುಳಿ ಹಚ್ಚಿ ಹಿತ್ತಾಳೆ ಬೆಳಗುವ ಅಭ್ಯಾಸ ನಮ್ಮಲ್ಲಿದೆ. ದೇವರ ದೀಪಕ್ಕೆ ಅದು ಸರಿ. ಫೋನಿನ ಸಂದಿಯಲ್ಲಿ ಆ ಹುಳಿ ಉಳಿದರೆ ಮತ್ತೆ ಕಿಲುಬು ಹುಟ್ಟುತ್ತದೆ. ವಾಷಿಂಗ್ ಸೋಡಾ ಕೂಡ ಬೇಡ, ಅದು ಅಲ್ಯೂಮಿನಿಯಂ ತಿನ್ನುತ್ತದೆ.

ಒಣಗಿಸಲು ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಮಳೆಗಾಲದಲ್ಲೇ ಮಾಡಬೇಕಾದರೆ ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಶಿರಸಿಯವರಿಗೆ ತೇವದ ಕಾಟ ಇದೆ, ಆದರೆ ಉಪ್ಪುಗಾಳಿ ಇಲ್ಲ. ಆ ಮಟ್ಟಿಗೆ ಅವರ ಕೆಲಸ ಹಗುರ.

ಇನ್ನು ಡಯಲ್. ಬೆರಳು ಹಾಕಿ ತಿರುಗಿಸುವಾಗ ಲೈನಿಗೆ ಏನೂ ಹೋಗುವುದಿಲ್ಲ, ಸ್ಪ್ರಿಂಗ್ ಬಿಗಿಯಾಗುತ್ತದೆ ಅಷ್ಟೆ. ಬೆರಳು ಬಿಟ್ಟ ಮೇಲೆ ಡಯಲ್ ಹಿಂದಕ್ಕೆ ಬರುತ್ತಾ ಲೈನನ್ನು ಕಡಿದು ಕೂಡಿಸುತ್ತದೆ. 5ಕ್ಕೆ ಐದು ಸಲ, 0ಗೆ ಹತ್ತು ಸಲ. ಅದಕ್ಕೇ 0 ಇರುವುದು 9ರ ಆಚೆ. ಗುಜರಾತಿನ ಅಲಂಗ್‌ನಲ್ಲಿ ಒಡೆದ ವಿದೇಶಿ ಹಡಗಿನ ಫೋನ್ ಆದರೆ ಇದನ್ನೂ ಪರೀಕ್ಷಿಸಿ. ಹಳೆಯ ಸ್ವೀಡನ್ ಡಯಲ್‌ನಲ್ಲಿ 0ಗೆ ಒಂದೇ ಸಲ ಕಡಿಯುತ್ತದೆ.

ವೇಗ ಸೆಕೆಂಡಿಗೆ 10 ಕಡಿತ. ಬ್ರಿಟಿಷ್ ಪದ್ಧತಿಯಲ್ಲಿ ಪ್ರತಿ 100 ಮಿಲಿಸೆಕೆಂಡಿನಲ್ಲಿ ಲೈನ್ ಸುಮಾರು 67 ಮಿಲಿಸೆಕೆಂಡ್ ತೆರೆದಿರುತ್ತದೆ, 33 ಮಿಲಿಸೆಕೆಂಡ್ ಕೂಡಿರುತ್ತದೆ. ಈ ವೇಗ ಕಾಯುವುದು ಗವರ್ನರ್. ಶಿರಸಿ ಜಾತ್ರೆಯಲ್ಲಿ ಸರಪಳಿ ಕುರ್ಚಿಗಳು ಜೋರಾಗಿ ತಿರುಗಿದಷ್ಟೂ ಹೊರಕ್ಕೆ ಚಾಚುತ್ತವಲ್ಲ, ಹಾಗೆ ಇದರ ಪುಟ್ಟ ತೂಕಗಳು ಹೊರಕ್ಕೆ ಚಾಚಿ ಸುತ್ತಲಿನ ಬಟ್ಟಲಿಗೆ ಉಜ್ಜುತ್ತವೆ. ಆ ಉಜ್ಜುವಿಕೆಯೇ ಬ್ರೇಕ್. ಬಟ್ಟಲಿಗೆ ಎಣ್ಣೆ ತಾಗಿದರೆ ಬ್ರೇಕ್ ಹೋಯಿತು, ಡಯಲ್ ಓಡತೊಡಗುತ್ತದೆ, ಎಕ್ಸ್‌ಚೇಂಜ್ ತಪ್ಪು ಅಂಕೆ ಓದುತ್ತದೆ. ಗಡಿಯಾರದ ಎಣ್ಣೆಯನ್ನು ಸೂಜಿ ತುದಿಯಲ್ಲಿ ತೆಗೆದು ಅಚ್ಚುಗಳ ತುದಿಗೆ ಮುಟ್ಟಿಸಿದರೆ ಸಾಕು. ಸ್ಪ್ರೇ ಎಣ್ಣೆ ಖಂಡಿತ ಬೇಡ. ಲೈನನ್ನು ಕಡಿದು ಕೂಡಿಸುವ ಲೋಹದ ತುದಿಗಳಿಗೆ, ಅಂದರೆ ಕಾಂಟ್ಯಾಕ್ಟ್‌ಗಳಿಗೆ, ಮರಳುಕಾಗದ ಹಾಕಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ನಡುವೆ ಎಳೆಯಿರಿ.

ವೇಗ ಅಳೆಯಲು ಮೊಬೈಲ್ ರೆಕಾರ್ಡರ್ ಸಾಕು. ಡಯಲ್ ಪಕ್ಕ ಇಟ್ಟು 0 ತಿರುಗಿಸಿ. ಆ ದನಿಯನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಕಡಿತಗಳು ಸಾಲಾಗಿ ಕಾಣುತ್ತವೆ. ಮೊದಲನೆಯದರಿಂದ ಹತ್ತನೆಯದರವರೆಗೆ 0.9 ಸೆಕೆಂಡ್ ಬರಬೇಕು. ವೇಗ ಸೆಕೆಂಡಿಗೆ 9ರಿಂದ 11 ಕಡಿತದ ಒಳಗಿದ್ದರೆ ಗವರ್ನರನ್ನು ಮುಟ್ಟಬೇಡಿ.

ಗಂಟೆಯ ಕಾಯಿಲ್ ಜೊತೆ ಸರಣಿಯಲ್ಲಿ 1 ಅಥವಾ 2 ಮೈಕ್ರೋಫ್ಯಾರಡ್ ಕಪಾಸಿಟರ್ ಇರುತ್ತದೆ. ಅದು ಗಂಟೆಯ ಎಸಿಯನ್ನು ಬಿಟ್ಟು ಡಿಸಿಯನ್ನು ತಡೆಯುತ್ತದೆ. ಹಳೆಯ ಕಾಗದದ ಕಪಾಸಿಟರ್ ಸೋರಿದರೆ ರಿಸೀವರ್ ಇಟ್ಟಿದ್ದರೂ ಎತ್ತಿದಂತೆ ಎಕ್ಸ್‌ಚೇಂಜಿಗೆ ಕಾಣಬಹುದು. 250 ವೋಲ್ಟಿನ ಹೊಸ ಫಿಲ್ಮ್ ಕಪಾಸಿಟರ್ ಹಾಕಿ, ಹಳೆಯದನ್ನು ತಂತಿ ಬಿಡಿಸಿ ಅಲ್ಲೇ ಇರಲು ಬಿಡಿ. ಮೈಕಿನ ಇಂಗಾಲದ ಹರಳು ತೇವಕ್ಕೆ ಗಂಟು ಕಟ್ಟಿ ದನಿ ಸಣ್ಣದಾಗಿದ್ದರೆ ಅಂಗೈಗೆ ಮೆಲ್ಲಗೆ ತಟ್ಟಿ ನೋಡಿ, ಒಡೆಯಬೇಡಿ.

ಜೋಡಿಸುವಾಗ ಗ್ಯಾಸ್ಕೆಟ್ ಹೊಸದೇ ಇರಲಿ. ಹಳೆಯ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಅಳತೆಗೆ ಕತ್ತರಿಸಿದ ನಿಯೋಪ್ರೀನ್ ರಬ್ಬರ್ ಹಾಳೆ ಸಾಕು. ಕಾರವಾರದಲ್ಲಿ ಇದನ್ನು ಬಿಟ್ಟರೆ ತೊಳೆದ ಉಪ್ಪು ಗಾಳಿಯ ಜೊತೆ ವಾಪಸ್ ಬರುತ್ತದೆ. ಸ್ಕ್ರೂಗಳಿಗೆ ತೆಳುವಾಗಿ ಗ್ರೀಸ್ ಸವರಿ, ಮುಚ್ಚಳವನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.

ಲೈನಿಗೆ ಹಾಕುವಾಗ ನೆನಪಿರಲಿ, ಗಂಟೆ ಬಾರಿಸಲು ಬರುವುದು 75 ವೋಲ್ಟ್ ಆಸುಪಾಸಿನ ಎಸಿ. ಕೈಗೆ ಹೊಡೆಯುತ್ತದೆ. ಕೆಲಸ ಮಾಡುವಾಗ ಲೈನ್ ಕಳಚಿಡಿ. ಫೈಬರ್ ಇಂಟರ್ನೆಟ್ ಪೆಟ್ಟಿಗೆಯ ಫೋನ್ ಪೋರ್ಟ್‌ಗೆ ಹಾಕಿದರೆ ಗಂಟೆ ಬಾರಿಸಿ, ಮಾತು ಕೇಳಿಸಿ, ಡಯಲ್ ಮಾತ್ರ ಕೆಲಸ ಮಾಡದೆ ಇರಬಹುದು. ಡಯಲ್ ಕೆಟ್ಟಿದೆ ಎಂದು ಮತ್ತೆ ಬಿಚ್ಚಬೇಡಿ. ಅಂಥ ಎಷ್ಟೋ ಪೆಟ್ಟಿಗೆಗಳಿಗೆ ಕಡಿತದ ಭಾಷೆ ತಿಳಿಯುವುದಿಲ್ಲ, ಗುಂಡಿ ಒತ್ತುವ ಫೋನಿನ ಟೋನ್ ಮಾತ್ರ ತಿಳಿಯುತ್ತದೆ. ನಡುವೆ ಪಲ್ಸ್‌ನಿಂದ (ಅಂದರೆ ಕಡಿತದಿಂದ) ಟೋನ್‌ಗೆ ಬದಲಿಸುವ ಕನ್ವರ್ಟರ್ ಹಾಕಿದರೆ ಡಯಲ್ ಮಾಡಿದ ನಂಬರ್ ಹೋಗುತ್ತದೆ.